ಹೊಸದೋ ಹಳೆಯದೋ? ಮೊದಲು ಹಿಂದಿನ ಸೀಟಿನಲ್ಲಿ ಕೂತು ನೋಡಿ



ಈ ಅಂಕಣದಲ್ಲಿ ನಾವು ಮಾವಿನ ಮಿಡಿ ಉಪ್ಪಿನಕಾಯಿಯಿಂದ ಹಿಡಿದು ಉಯಿಲು ಬರೆಯುವವರೆಗೆ ಎಷ್ಟೋ ವಿಷಯ ಮಾತಾಡಿದ್ದೇವೆ. ಆದರೆ ಕಾರು, ಗಾಡಿಗಳ ಬಗ್ಗೆ ನಾನು ಬರೆದೇನೆಂದು ನೀವು ಎಣಿಸಿರಲಿಕ್ಕಿಲ್ಲ. ನಾನೂ ಎಣಿಸಿರಲಿಲ್ಲ. ಅದು ಗಂಡಸರ ಮಾತು, ನಾವು ಚಹಾ ಕೊಟ್ಟು ಒಳಗೆ ಹೋಗುವುದು ಎಂಬ ಪದ್ಧತಿ ನಮ್ಮ ಎಷ್ಟೋ ಮನೆಗಳಲ್ಲಿ ಇವತ್ತಿಗೂ ನಡೆದುಬಂದಿದೆ. ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. 2025ರ ಗಣೇಶ ಚೌತಿಯಿಂದ ದೀಪಾವಳಿ ಕಳೆದು ತಿಂಗಳಾಗುವವರೆಗೆ ನಮ್ಮ ಬೊರಿವಲಿಯ ಮನೆಯಲ್ಲಿ ಊಟಕ್ಕೆ ಕೂತರೆ ಒಂದೇ ಚರ್ಚೆ: ಏಳು ಜನ ಕೂರುವ ದೊಡ್ಡ ಗಾಡಿ ತೆಗೆದುಕೊಳ್ಳಬೇಕು, ಹೊಸದು ತೆಗೆಯುವುದೋ, ಯಾರಾದರೂ ಒಂದೆರಡು ವರ್ಷ ಓಡಿಸಿದ್ದನ್ನು ತೆಗೆಯುವುದೋ? ನಮ್ಮವರು ಹಳೆಯದರ ಪಕ್ಷ, ಮಗ ಹೊಸದರ ಪಕ್ಷ. ನನ್ನನ್ನು ಯಾರೂ ಕೇಳಿರಲಿಲ್ಲ.

ದೊಡ್ಡ ಗಾಡಿ ಏಕೆ ಬೇಕಾಯಿತು ಎಂದು ಮೊದಲು ಹೇಳಬೇಕು. ಅತ್ತೆಗೆ ಈಗ ಎಂಬತ್ತಮೂರು ವರ್ಷ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಯಿತು. ಮನೆಯೊಳಗೆ ಕೋಲು ಹಿಡಿದು ನಡೆಯುತ್ತಾರೆ. ಕುಂದಾಪುರದ ಬಳಿಯ ಮೂಲಮನೆಯ ನಾಗಬನದಲ್ಲಿ ವರ್ಷಕ್ಕೊಮ್ಮೆ ನಡೆಯುವ ತನು ತಂಬಿಲಕ್ಕೆ ಇನ್ನೊಂದು ಸಲವಾದರೂ ಹೋಗಬೇಕೆಂಬುದು ಅವರ ಆಸೆ. ರೈಲಿದೆಯಲ್ಲ ಎನ್ನುತ್ತೀರಿ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ, ಮತ್ಸ್ಯಗಂಧ ಎಕ್ಸ್‌ಪ್ರೆಸ್ ಓಡತೊಡಗಿದ ಮೇಲೆ ನಮ್ಮಂಥವರಿಗೆ ಊರು ಹತ್ತಿರವಾದದ್ದು ಸುಳ್ಳಲ್ಲ. ಬಸ್ಸಿನಲ್ಲಿ ಘಾಟಿ ಹತ್ತಿ ಇಳಿದು ವಾಂತಿ ಮಾಡುತ್ತ ಹೋದ ದಿನಗಳು ನನಗೆ ನೆನಪಿವೆ. ಆದರೆ ರೈಲಿನ ಮೂರು ಮೆಟ್ಟಿಲು ಹತ್ತುವುದು, ಓಡುವ ಗಾಡಿಯಲ್ಲಿ ಪಾಯಿಖಾನೆಗೆ ಹೋಗಿಬರುವುದು ಅತ್ತೆಗೆ ಆಗದ ಮಾತು. 2024ರ ನವೆಂಬರ್‌ನಿಂದ ಮುಂಗಡ ಟಿಕೆಟಿನ ಅವಧಿ 120 ದಿನದಿಂದ 60 ದಿನಕ್ಕೆ ಇಳಿದ ಮೇಲೆ ಆರು ಮಂದಿಗೆ ಒಂದೇ ಡಬ್ಬಿಯಲ್ಲಿ, ಅದರಲ್ಲೂ ಅತ್ತೆಗೆ ಕೆಳಗಿನ ಬರ್ತು ಸಿಗುವಂತೆ, ಟಿಕೆಟು ಹಿಡಿಯಲು ಹಬ್ಬದ ದಿನಗಳಲ್ಲಿ ಬೆಳಗ್ಗೆ ಎಂಟಕ್ಕೆ ಮೊಬೈಲಿನ ಮುಂದೆ ತಪಸ್ಸು ಮಾಡಬೇಕು.

ಇನ್ನು ಬಾಡಿಗೆ ಗಾಡಿ. ಎಂಟು ದಿನಕ್ಕೆ ಚಾಲಕನ ಭತ್ತೆ, ಟೋಲು ಎಲ್ಲ ಸೇರಿ ಐವತ್ತು ಸಾವಿರದ ಸಮೀಪ ಹೇಳಿದರು. ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳುತ್ತೇನೆ. ನಿಮಗೆ ದೊಡ್ಡ ಗಾಡಿ ಬೇಕಾಗುವುದು ವರ್ಷಕ್ಕೆ ಒಂದು ಸಲ ಊರಿಗೆ ಹೋಗಲು ಮಾತ್ರ ಎಂದಾದರೆ ಕಣ್ಣು ಮುಚ್ಚಿ ಬಾಡಿಗೆಗೆ ತೆಗೆದುಕೊಳ್ಳಿ, ಈ ಲೇಖನವನ್ನು ಇಲ್ಲಿಗೇ ಬಿಟ್ಟು ಪದಬಂಧಕ್ಕೆ ಹೋಗಬಹುದು. ಒಂದು ದಿನದ ಸವಾರಿಗಾಗಿ ಆನೆ ಸಾಕುವವರಿಲ್ಲ. ನಮ್ಮದು ಹಾಗಲ್ಲ. ವಾರಕ್ಕೆರಡು ಸಲ ಅತ್ತೆಯ ವ್ಯಾಯಾಮ ಚಿಕಿತ್ಸೆ, ತಿಂಗಳಿಗೊಂದು ಮದುವೆ ಮುಂಜಿ, ಮಾಟುಂಗದ ಕಾರ್ಯಕ್ರಮಗಳು. ನಮ್ಮ ಹಳೆಯ ಸಣ್ಣ ಕಾರಿನಲ್ಲಿ ನಾವಿಬ್ಬರು, ಅತ್ತೆ, ಮಗ, ಸೊಸೆ, ಮೊಮ್ಮಗಳು ಒಟ್ಟಿಗೆ ಕೂತದ್ದೇ ಇಲ್ಲ. ರಿಕ್ಷಾ ಮಾಡಿದರೂ ಅದು ಬಾಂದ್ರಾ, ಸಯನ್‌ನಿಂದ ಆಚೆಗೆ ಹೋಗುವಂತಿಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ಹಳೆಯ ಗಾಡಿ ಕೊಳ್ಳುವುದೆಂದರೆ ಮಗನಿಗೆ ಏನೋ ಅವಮಾನ. "ಬೇರೆಯವರು ಬಿಟ್ಟದ್ದನ್ನು ನಾವೇಕೆ ತೆಗೆಯಬೇಕು?" ಎನ್ನುತ್ತಿದ್ದ. ಅವನಿಗೆ ಅವನ ಅಜ್ಜನ ಕತೆ ಗೊತ್ತಿಲ್ಲ. ನಮ್ಮ ಮಾವನವರು 1984ರಲ್ಲಿ ತೆಗೆದುಕೊಂಡ ಪ್ರೀಮಿಯರ್ ಪದ್ಮಿನಿ ಸೆಕೆಂಡ್ ಹ್ಯಾಂಡೇ. ಈ ಮುಂಬಯಿಯ ಕುರ್ಲಾದಲ್ಲೇ ತಯಾರಾಗುತ್ತಿದ್ದ ಗಾಡಿ ಅದು. ಆದರೂ ಹೊಸದಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಆದ್ದರಿಂದ ಒಳ್ಳೆಯ ಸ್ಥಿತಿಯ ಹಳೆಯ ಗಾಡಿಗೆ ಕೆಲವು ಸಲ ಹೊಸದಕ್ಕಿಂತ ಹೆಚ್ಚು ಬೆಲೆ! ಹಳೆಯದನ್ನು ಕೊಂಡವನು ಜಾಣ ಎನಿಸಿಕೊಳ್ಳುತ್ತಿದ್ದ ಕಾಲ. ಮಾವನವರು ಆ ಗಾಡಿಯಲ್ಲಿ ಒಂಬತ್ತು ಮಂದಿಯನ್ನು ಮಹಾಲಕ್ಷ್ಮಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದರೆಂದು ಅತ್ತೆ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಆ ಪದ್ಮಿನಿಯ ಟ್ಯಾಕ್ಸಿಗಳು ಕೂಡ 2023ರ ಅಕ್ಟೋಬರ್‌ನಲ್ಲಿ ಇಪ್ಪತ್ತು ವರ್ಷದ ಮಿತಿ ಮುಗಿದು ಮುಂಬಯಿಯ ರಸ್ತೆಯಿಂದ ಮರೆಯಾದವು. ಆ ದಿನ ಪತ್ರಿಕೆಯಲ್ಲಿ ಚಿತ್ರ ನೋಡಿ ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನಾವು ನೋಡಿದ ಏಳು ಸೀಟಿನ ಗಾಡಿಯ ಶೋರೂಮ್ ಬೆಲೆ ಹನ್ನೆರಡು ಲಕ್ಷ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಗಾಡಿಗಳ ಮೇಲಿನ ಜಿ.ಎಸ್.ಟಿ. ಮತ್ತು ಸೆಸ್ಸು ಸೇರಿ ಶೇಕಡಾ 45, 50 ಇದ್ದದ್ದು ಒಂದೇ 40 ಆದ್ದರಿಂದ ಬೆಲೆ ಸ್ವಲ್ಪ ಇಳಿದಿತ್ತು. ಮಗ ಅದನ್ನೇ ಹಿಡಿದುಕೊಂಡ. ಆದರೆ ಶೋರೂಮ್ ಬೆಲೆ ಬೇರೆ, ಗಾಡಿ ಮನೆಗೆ ಬರುವ ಬೆಲೆ ಬೇರೆ. ಮಹಾರಾಷ್ಟ್ರದ ರಸ್ತೆ ತೆರಿಗೆ, ಹೊಸ ಗಾಡಿಗೆ 2018ರ ಸೆಪ್ಟೆಂಬರ್‌ನಿಂದ ಒಟ್ಟಿಗೇ ಕಟ್ಟಬೇಕಾದ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ, ನೋಂದಣಿ, ಅದು ಇದು ಎಂದು ಹದಿನಾಲ್ಕು ಲಕ್ಷವಾಯಿತು. ಅದೇ ಮಾದರಿಯ, ಎರಡೂವರೆ ವರ್ಷದ ಹಳೆಯ ಗಾಡಿಗೆ ಸುಮಾರು ಒಂಬತ್ತು ಲಕ್ಷ ತೊಂಬತ್ತು ಸಾವಿರ. ಇದರ ರಸ್ತೆ ತೆರಿಗೆಯನ್ನು ಮೊದಲ ಮಾಲಿಕರೇ ಕಟ್ಟಿದ್ದಾರೆ, ರಾಜ್ಯದೊಳಗೆ ಕೈ ಬದಲಾದರೆ ಮತ್ತೆ ಕಟ್ಟಬೇಕಿಲ್ಲ. ವಿಮೆ, ಹೆಸರು ಬದಲಾವಣೆ, ಬ್ಯಾಟರಿ, ಸರ್ವೀಸು ಎಂದು ಎಪ್ಪತ್ತು ಸಾವಿರ ಸೇರಿಸಿದರೆ ಹತ್ತು ಲಕ್ಷ ಅರುವತ್ತು ಸಾವಿರ. ಮೂರು ಲಕ್ಷ ನಲವತ್ತು ಸಾವಿರ ಉಳಿಯಿತು ಎಂದು ನಮ್ಮವರು ಮೀಸೆ ತಿರುವಿದರು.

ನಾನು ದಿನಸಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬೇರೆ ರೀತಿ ಬರೆದೆ. ಹೊಸದನ್ನು ಎಂಟು ವರ್ಷ ಓಡಿಸಿ ನಾಲ್ಕು ಲಕ್ಷಕ್ಕೆ ಮಾರಿದೆವು ಎಂದಿಟ್ಟುಕೊಳ್ಳಿ. ಹತ್ತು ಲಕ್ಷ ಖರ್ಚು, ವರ್ಷಕ್ಕೆ ಒಂದೂಕಾಲು ಲಕ್ಷ. ಹಳೆಯದನ್ನು ಆರು ವರ್ಷ ಓಡಿಸಿ ಅದೇ ನಾಲ್ಕು ಲಕ್ಷಕ್ಕೆ ಮಾರಿದರೆ ಆರು ಲಕ್ಷ ಅರುವತ್ತು ಸಾವಿರ ಖರ್ಚು, ವರ್ಷಕ್ಕೆ ಒಂದು ಲಕ್ಷ ಹತ್ತು ಸಾವಿರ. ವ್ಯತ್ಯಾಸ ವರ್ಷಕ್ಕೆ ಬರೀ ಹದಿನೈದು ಸಾವಿರ! ಉಳಿದ ಮೂರು ಲಕ್ಷ ನಲವತ್ತು ಸಾವಿರವನ್ನು ಶೇಕಡಾ ಏಳರಂತೆ ಬ್ಯಾಂಕಿನಲ್ಲಿಟ್ಟರೆ ಇನ್ನೊಂದು ಇಪ್ಪತ್ತನಾಲ್ಕು ಸಾವಿರ. ಒಟ್ಟು ಮೂವತ್ತೊಂಬತ್ತು ಸಾವಿರ. ಕೈಯಲ್ಲಿರುವ ಹಣದಿಂದ ಕೊಂಡರೆ ಮಾತ್ರ ಈ ಲಾಭ. ಸಾಲ ಮಾಡಿ ಕೊಳ್ಳುವವರು ಗಮನಿಸಬೇಕು: ಹಳೆಯ ಗಾಡಿಯ ಸಾಲಕ್ಕೆ ಬ್ಯಾಂಕುಗಳು ಹೊಸದಕ್ಕಿಂತ ಹೆಚ್ಚು ಬಡ್ಡಿ ಹಾಕುತ್ತವೆ. ಆ ಬಡ್ಡಿಯಲ್ಲಿ ಈ ಮೂವತ್ತೊಂಬತ್ತು ಸಾವಿರದ ದೊಡ್ಡ ಪಾಲು ಕರಗಿಹೋಗಬಹುದು. ಹಾಳೆಯನ್ನು ಇಬ್ಬರ ಮುಂದೆಯೂ ಇಟ್ಟೆ. ತಂದೆ ಮಗ ಇಬ್ಬರೂ ಅವತ್ತು ಸುಮ್ಮನೆ ಊಟ ಮಾಡಿದರು.

ಇಷ್ಟೆಲ್ಲ ಚರ್ಚೆಯಾದರೂ ಗಾಡಿಯಲ್ಲಿ ಯಾರೂ ಕೂತಿರಲಿಲ್ಲ. ಕೂತಿರಲಿಲ್ಲ ಎಂದರೆ ತಪ್ಪು. ಮಗ ಚಾಲಕನ ಸೀಟಿನಲ್ಲಿ ಕೂತಿದ್ದ, ನಮ್ಮವರು ಪಕ್ಕದಲ್ಲಿ ಕೂತಿದ್ದರು. ಶೋರೂಮಿಗೆ ಎರಡನೆಯ ಸಲ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗೋಣವೆಂದು ನಾನು ಹಠ ಹಿಡಿದೆ. ಹೊರಡುವಾಗ ಅತ್ತೆ ಹೇಳಿದ್ದು ಒಂದೇ ಮಾತು: "ಹೊಸ್ತೋ ಹಳ್ತೋ, ನಂಗೆ ಹತ್ತುಕೆ ಆತ್ತಾ ಇಲ್ಯಾ, ಅದ್ ಕಾಣಿ."

ಅಲ್ಲಿ ಆದದ್ದನ್ನು ಕೇಳಿ. ಮೊದಲು ತೋರಿಸಿದ ಗಾಡಿ ಎತ್ತರದ್ದು, ನೋಡಲು ರಥದ ಹಾಗೆ. ಅತ್ತೆ ಕಾಲೆತ್ತಿ ಇಡಲಾರದೆ ನಿಂತುಬಿಟ್ಟರು. ಎರಡನೆಯದು ತಗ್ಗಿನದು, ಬಾಗಿಲು ಅಗಲ, ಸೀಟು ಅವರ ಸೊಂಟದ ಮಟ್ಟಕ್ಕೇ ಇತ್ತು. ಮೊದಲು ಕೂತು ಆಮೇಲೆ ಕಾಲು ಒಳಗೆ ತೆಗೆದುಕೊಂಡರು. ಅವರ ಮಟ್ಟಿಗೆ ಅಲ್ಲಿಗೇ ತೀರ್ಮಾನವಾಯಿತು. ಅಷ್ಟರಲ್ಲಿ ನಾನು ಮೂರನೆಯ ಸಾಲಿಗೆ ಹತ್ತಿದೆ. ಹತ್ತುವುದಕ್ಕೆ ನಡುವಿನ ಸೀಟು ಮಡಚಿ, ಸೀರೆ ಎತ್ತಿ ಹಿಡಿದು, ಬೆನ್ನು ಬಗ್ಗಿಸಿ ನುಸುಳಬೇಕು. ಕೂತರೆ ಮೊಣಕಾಲು ಎದೆಯ ಹತ್ತಿರ. ಹಿಂದೆ ನೋಡಿದರೆ ಒಂದು ಸಣ್ಣ ಪೆಟ್ಟಿಗೆಗಿಂತ ಹೆಚ್ಚು ಸಾಮಾನಿಗೆ ಜಾಗವಿಲ್ಲ. ಸಿ.ಎನ್.ಜಿ. ಮಾದರಿಯಲ್ಲಿ ಅಷ್ಟೂ ಇಲ್ಲ, ಸಿಲಿಂಡರು ಆ ಜಾಗವನ್ನು ನುಂಗಿರುತ್ತದೆ. ಏಳು ಜನರ ಗಾಡಿ ಎಂದು ಹೇಳುತ್ತಾರೆ, ಆದರೆ ಏಳು ಜನ ಮತ್ತು ಏಳು ಜನರ ಚೀಲಗಳ ಗಾಡಿ ಅದಲ್ಲ. ಊರಿಂದ ಬರುವಾಗ ತೆಂಗಿನಕಾಯಿ, ಕುಚ್ಚಲಕ್ಕಿ, ಹಲಸಿನಕಾಯಿ ತರುವ ನಮಗೆ ಇದು ದೊಡ್ಡ ಮಾತು. ಮೇಲೆ ಕ್ಯಾರಿಯರ್ ಹಾಕಿಸಬೇಕು, ಇಲ್ಲವೇ ಒಬ್ಬರು ಕಡಿಮೆ ಹೋಗಬೇಕು.

ನಾನು ಹಿಂದಿನಿಂದಲೇ ಮಗನನ್ನು ಕೇಳಿದೆ, "ಇಲ್ಲಿ ಯಾರು ಕೂರುವುದು?" ಅವನು ಯೋಚಿಸದೆ, "ನೀವು, ಇವಳು, ಪುಟ್ಟಿ" ಎಂದ. ನೋಡಿ, ಗಾಡಿಯನ್ನು ಆರಿಸುವವರು ಮೊದಲ ಸಾಲಿನವರು. ಮೂರನೆಯ ಸಾಲಿನಲ್ಲಿ ಸಾವಿರ ಕಿಲೋಮೀಟರು ಹೋಗುವವರು ಮನೆಯ ಹೆಂಗಸರು, ಮಕ್ಕಳು. ನಮ್ಮನ್ನು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಸೋದರಿಯರೇ, ಇಷ್ಟನ್ನಾದರೂ ಮಾಡಿ: ಯಾವ ಗಾಡಿಯೇ ಇರಲಿ, ಟೆಸ್ಟ್ ಡ್ರೈವ್ ಎಂದು ಓಡಿಸಿ ನೋಡುವಾಗ ನೀವು ಹಿಂದಿನ ಸಾಲಿನಲ್ಲಿ ಕನಿಷ್ಠ ಅರ್ಧ ಗಂಟೆ ಕೂತು ಬನ್ನಿ. ಎ.ಸಿ.ಯ ಗಾಳಿ ಅಲ್ಲಿಗೆ ಬರುತ್ತದೆಯೇ, ಮೂರು ಕಡೆ ಬಿಗಿಯುವ ಬೆಲ್ಟು ಇದೆಯೇ, ತಲೆ ಆನಿಸುವ ದಿಂಬು ಮೇಲೇರುತ್ತದೆಯೇ ನೋಡಿ. ಹೊಸದೋ ಹಳೆಯದೋ ಎಂಬ ಪ್ರಶ್ನೆ ಇದಾದ ಮೇಲೆ.

ಬೆಲ್ಟಿನ ಮಾತು ಸುಮ್ಮನೆ ಹೇಳಿದ್ದಲ್ಲ. 2022ರ ಸೆಪ್ಟೆಂಬರ್ 4ರಂದು ಮುಂಬಯಿ ಅಹಮದಾಬಾದ್ ಹೆದ್ದಾರಿಯಲ್ಲಿ, ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅದು ಬಹು ದುಬಾರಿಯ, ಭದ್ರವಾದ ಗಾಡಿ. ಆದರೆ ಹಿಂದೆ ಕೂತವರು ಬೆಲ್ಟು ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಅದೇ ವರ್ಷ ನವೆಂಬರ್ 1ರಿಂದ ಮುಂಬಯಿಯಲ್ಲಿ ಕಾರಿನ ಎಲ್ಲ ಪ್ರಯಾಣಿಕರಿಗೂ ಬೆಲ್ಟು ಕಡ್ಡಾಯವೆಂದು ಪೊಲೀಸರು ಆದೇಶ ಹೊರಡಿಸಿದರು. ಸುರಕ್ಷತೆಯ ವಿಷಯದಲ್ಲಿ ಹೊಸ ಗಾಡಿಗೆ ಒಂದು ಮೇಲುಗೈ ಇದೆ, ಅದನ್ನು ಒಪ್ಪಲೇಬೇಕು. ಮುಂದಿನ ಎರಡು ಸೀಟಿಗೂ ಏರ್‌ಬ್ಯಾಗ್ ಕಡ್ಡಾಯವಾದದ್ದೇ 2022ರಿಂದ. ಭಾರತ್ ಎನ್‌ಕ್ಯಾಪ್ ಎಂಬ ನಮ್ಮ ದೇಶದ್ದೇ ಆದ ಡಿಕ್ಕಿ ಪರೀಕ್ಷೆ ಆರಂಭವಾದದ್ದು 2023ರ ಅಕ್ಟೋಬರ್‌ನಲ್ಲಿ. ಎರ್ಟಿಗಾದಂಥ ಏಳು ಸೀಟಿನ ಗಾಡಿಯ ಎಲ್ಲ ಮಾದರಿಗಳಿಗೂ ಆರು ಏರ್‌ಬ್ಯಾಗ್ ಬಂದದ್ದು 2025ರಲ್ಲಿ. ಆದ್ದರಿಂದ ಅದೇ ಹೆಸರಿನ ಗಾಡಿಯಾದರೂ ಮೂರು ವರ್ಷದ ಹಿಂದಿನದರಲ್ಲಿ ಎಷ್ಟು ಏರ್‌ಬ್ಯಾಗ್ ಇವೆ ಎಂದು ಕೇಳಿಯೇ ಮುಂದುವರಿಯಿರಿ. ಪೆಟ್ರೋಲಿನ ಮಾತೂ ಇದೆ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲು. ಅದಕ್ಕೆ ತಕ್ಕ ಬಿಡಿಭಾಗಗಳೊಂದಿಗೆ ಗಾಡಿಗಳು ಬರತೊಡಗಿದ್ದು 2023ರ ಏಪ್ರಿಲ್‌ನಿಂದ. ಆ ಕಾರಣಕ್ಕೆ ನಾವು 2023ರ ಏಪ್ರಿಲ್‌ಗಿಂತ ಹಿಂದಿನದನ್ನು ಆದಷ್ಟು ಬೇಡವೆಂದು ಗೆರೆ ಎಳೆದೆವು.

ಮುಂದಿನ ತೊಡಕು ನಮ್ಮ ಸೊಸೈಟಿಯದು. ನಮ್ಮ ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟಿದಾಗ ಒಂದರ ಮೇಲೊಂದು ಗಾಡಿ ನಿಲ್ಲಿಸುವ ಸ್ಟ್ಯಾಕ್ ಪಾರ್ಕಿಂಗ್ ಕೊಟ್ಟರು. ನಮಗೆ ಸಿಕ್ಕಿದ್ದು ಕೆಳಗಿನ ತಟ್ಟೆ. ಹೊಲಿಗೆಯ ಟೇಪು ತೆಗೆದುಕೊಂಡು ಹೋಗಿ ಅಳೆದೆ. ಸಣ್ಣ ಕಾರಿಗೆ ಸರಿಯಾದ ಆ ಜಾಗಕ್ಕೆ 1690 ಮಿಲಿಮೀಟರ್ ಎತ್ತರದ ಎರ್ಟಿಗಾ ಹಿಡಿಸದು, 1795 ಮಿಲಿಮೀಟರ್ ಎತ್ತರ, ನಾಲ್ಕು ಮುಕ್ಕಾಲು ಮೀಟರಿನಷ್ಟು ಉದ್ದದ ಇನ್ನೋವಾ ಕ್ರಿಸ್ಟಾ ಅಂತೂ ದೂರದ ಮಾತು. ಟೇಪು ಹಿಡಿದ ನನ್ನನ್ನು ನೋಡಿ ವಾಚ್‌ಮನ್ ನಕ್ಕ. ನಕ್ಕರೆ ನಗಲಿ, ಗಾಡಿ ಬಂದ ಮೇಲೆ ಅಳುವುದಕ್ಕಿಂತ ಇದು ಮೇಲು. ಕೊನೆಗೆ ಸಣ್ಣ ಕಾರಿರುವ ಮೇಲಿನ ಮಹಡಿಯವರೊಬ್ಬರೊಡನೆ ಮಾತಾಡಿ, ಸೆಕ್ರೆಟರಿಯವರ ಮುಂದೆ ಕಾಗದದಲ್ಲಿ ಬರೆದುಕೊಂಡು, ನೆಲದ ಮೇಲಿನ ಅವರ ಜಾಗಕ್ಕೆ ನಮ್ಮದನ್ನು ಬದಲಿಸಿಕೊಂಡೆವು. ಮುಂಬಯಿಯಲ್ಲಿ ದೊಡ್ಡ ಗಾಡಿ ಕೊಳ್ಳುವವರು ಹಣ ಕೊಡುವ ಮೊದಲು ಎತ್ತರ, ಉದ್ದ, ತೂಕ ಮೂರನ್ನೂ ಪಾರ್ಕಿಂಗಿನ ಮಿತಿಯೊಡನೆ ಹೋಲಿಸಿ ನೋಡಲೇಬೇಕು.

ಇನ್ನು ನನ್ನನ್ನು ಈ ಲೇಖನ ಬರೆಯಲು ಕೂರಿಸಿದ ಪ್ರಸಂಗ. ಹೆದ್ದಾರಿಯ ಬದಿಯಲ್ಲಿ ಹಳೆಯ ಗಾಡಿ ಮಾರುವವರೊಬ್ಬರಲ್ಲಿ ನಮ್ಮವರಿಗೆ ಒಂದು ಗಾಡಿ ಸಿಕ್ಕಿತು. ಉಳಿದ ಕಡೆಗಿಂತ ಒಂದೂಕಾಲು ಲಕ್ಷ ಕಡಿಮೆ. ಬಿಳಿಯ ಬಣ್ಣ ಫಳಫಳ ಹೊಳೆಯುತ್ತಿತ್ತು. ನಾನು ನೋಡುವ ಮೊದಲೇ ಹನ್ನೊಂದು ಸಾವಿರ ಟೋಕನ್ ಕೊಟ್ಟಾಗಿತ್ತು. ಮರುದಿನ ನಾನು ಬಾಗಿಲು ತೆಗೆದಾಗ ಮೂಗಿಗೆ ಬಡಿದದ್ದು ಸೆಂಟಿನ ಘಮ. ಆ ಘಮದ ಕೆಳಗೆ ಇನ್ನೊಂದು ವಾಸನೆ ಇತ್ತು. ಆಷಾಢದಲ್ಲಿ ನಾಲ್ಕು ದಿನ ಒಣಗದ ಬಟ್ಟೆಯ ವಾಸನೆ ಯಾವ ಗೃಹಿಣಿಗೆ ಗೊತ್ತಿಲ್ಲ, ಹೇಳಿ? ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೆ ಎಳೆದೆ. ಕೊನೆಯ ಒಂದು ಮೊಳದಲ್ಲಿ ಕೆಸರಿನ ಗೆರೆ. ನೆಲಹಾಸು ಎತ್ತಿದರೆ ಸೀಟಿನ ಕಬ್ಬಿಣದ ಹಳಿಗಳಿಗೆ ತುಕ್ಕು. ಸ್ಟೆಪ್ನಿ ಇಡುವ ಜಾಗದಲ್ಲಿ ನಯವಾದ ಒಣ ಮಣ್ಣು. "ಅಮ್ಮಾ, ಎಲ್ಲರೂ ನೋಡುತ್ತಿದ್ದಾರೆ" ಎಂದು ಮಗ ಪಿಸುಗುಟ್ಟಿದ. ಮಾರುವವರು, "ಗಾಡಿ ತೊಳೆದಿದ್ದೇವೆ ಮೇಡಂ, ಅದರ ತೇವ" ಎಂದರು. ನಮ್ಮ ಪರಿಚಯದ ಮೆಕ್ಯಾನಿಕ್ ಬಂದು ಫ್ಯೂಸಿನ ಪೆಟ್ಟಿಗೆ ಬಿಚ್ಚಿದ, ಅಲ್ಲೂ ಮಣ್ಣು. ಅದು ನೆರೆಯಲ್ಲಿ ಮುಳುಗಿ ಎದ್ದ ಗಾಡಿ.

2005ರ ಜುಲೈ 26ನ್ನು ಕಂಡ ನಮಗೆ ಇದು ಹೊಸತಲ್ಲ. ಅಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಸಾವಿರಾರು ಗಾಡಿಗಳು ನೀರಿನಡಿ ಹೋದವು. ಅಂಥ ಗಾಡಿಗಳಲ್ಲಿ ದುರಸ್ತಿ ಲಾಭದಾಯಕವಲ್ಲ ಎನಿಸಿದ್ದನ್ನು ವಿಮಾ ಕಂಪೆನಿಗಳು ಪೂರ್ತಿ ನಷ್ಟವೆಂದು ಪರಿಗಣಿಸಿ ಹಣ ಕೊಟ್ಟು, ಗಾಡಿಯನ್ನು ಗುಜರಿಯಾಗಿ ಹರಾಜು ಹಾಕುತ್ತವೆ. ಅವುಗಳಲ್ಲಿ ಕೆಲವು ತೊಳೆದು, ಒಣಗಿಸಿ, ಸೆಂಟು ಹೊಡೆದು ಮತ್ತೆ ರಸ್ತೆಗೆ ಬರುತ್ತವೆ. ಈಗಿನ ಗಾಡಿಗಳಲ್ಲಿ ಸೀಟಿನ ಕೆಳಗೂ, ನೆಲದಲ್ಲೂ ತಂತಿಗಳ ಜಾಲ. ನೀರು ಹೊಕ್ಕ ಕೂಡುಗಳು ತಿಂಗಳುಗಳ ಮೇಲೆ ಹಸಿರು ಕಿಲುಬು ಹಿಡಿಯುತ್ತವೆ. ಆಗ ಏನು ಕೈಕೊಡುತ್ತದೆಂದು ಹೇಳಲು ಬಾರದು, ಬ್ರೇಕಿನ ಎ.ಬಿ.ಎಸ್. ಇರಬಹುದು, ಏರ್‌ಬ್ಯಾಗೂ ಇರಬಹುದು. ಒಂದೂಕಾಲು ಲಕ್ಷ ಉಳಿಸಲು ಹೋಗಿ ಅತ್ತೆಯನ್ನೂ ಮೊಮ್ಮಗಳನ್ನೂ ಅದರಲ್ಲಿ ಕೂರಿಸಿ ಘಾಟಿ ಇಳಿಸುತ್ತಿದ್ದೆವಲ್ಲ ಎಂದು ನೆನೆದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಟೋಕನ್ ಹಣ ವಾಪಸು ಬರಲು ಮೂರು ವಾರ, ಐದು ಸುತ್ತು ಬೇಕಾಯಿತು.

ಆಮೇಲೆ ನಾವು ಗಾಡಿ ಹುಡುಕುವುದನ್ನು ಬಿಟ್ಟು ಮಾಲಿಕರನ್ನು ಹುಡುಕತೊಡಗಿದೆವು. ನಮ್ಮ ಸಂಘದವರೊಬ್ಬರ ಮೂಲಕ ಠಾಣೆಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಸಿಕ್ಕಿದರು. ವಿದೇಶದ ಮಗನ ಮನೆಗೆ ಹೊರಟವರು. 2023ರ ಜೂನ್‌ನಲ್ಲಿ ನೋಂದಣಿಯಾದ ಗಾಡಿ, ಒಬ್ಬರೇ ಮಾಲಿಕರು, ಇಪ್ಪತ್ತೊಂದು ಸಾವಿರ ಕಿಲೋಮೀಟರ್ ಓಡಿದೆ. ಪ್ರತಿ ಸರ್ವೀಸಿನ ರಸೀದಿಯಲ್ಲೂ ತಾರೀಕು ಮತ್ತು ಕಿಲೋಮೀಟರ್. ಮೀಟರ್ ತಿರುಗಿಸಿಲ್ಲ ಎಂಬುದಕ್ಕೆ ಆ ರಸೀದಿಗಳ ಕಟ್ಟಿಗಿಂತ ದೊಡ್ಡ ಸಾಕ್ಷಿ ಬೇರೆ ಬೇಡ.

ಕಾಗದಪತ್ರದ ಕೆಲಸ ನನ್ನ ಪಾಲಿಗೆ ಬಂತು. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ್ದು ಮೂವತ್ತು ವರ್ಷದ ಮೇಲೆ ವಿಮೆಯ ಸಣ್ಣಕ್ಷರ ಓದಲು ಉಪಯೋಗಕ್ಕೆ ಬಂತು ಎನ್ನಿ! ನಿಮಗೂ ಬೇಕಾದೀತೆಂದು ನಾನು ಕಲಿತದ್ದನ್ನು ಹೇಳುತ್ತೇನೆ. ಮೊದಲನೆಯದು ಆರ್.ಸಿ. ಸರಕಾರದ ಪರಿವಾಹನ್ ತಾಣದಲ್ಲಿ ಗಾಡಿಯ ಸಂಖ್ಯೆ ಹಾಕಿದರೆ ಎಷ್ಟನೆಯ ಮಾಲಿಕರು, ಸಾಲ ಇದೆಯೇ, ವಿಮೆ ಎಂದಿನವರೆಗೆ ಎಂಬುದು ತಿಳಿಯುತ್ತದೆ. ಇವರ ಸಾಲ ತೀರಿತ್ತು, ಆದರೆ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಇತ್ತು. ಬ್ಯಾಂಕಿನ ಪತ್ರ ಮತ್ತು 35ನೇ ಫಾರ್ಮು ಕೊಟ್ಟು ಅದನ್ನು ಅಳಿಸಿದ ಮೇಲೆಯೇ ನಾವು ಪೂರ್ತಿ ಹಣ ಕೊಟ್ಟೆವು. ಹೆಸರು ಬದಲಿಸಲು 29 ಮತ್ತು 30ನೇ ಫಾರ್ಮುಗಳು. ಹಳೆಯ ಇ-ಚಲನ್ ದಂಡ ಬಾಕಿಯಿದ್ದರೆ ಅದು ಗಾಡಿಯ ಬೆನ್ನಿಗೇ ಬರುತ್ತದೆ, ಮೊದಲೇ ಕಟ್ಟಿಸಿ. ಹಳಬರ ಫಾಸ್ಟ್ಯಾಗ್ ಮುಚ್ಚಿಸಿ ನಿಮ್ಮದನ್ನು ಅಂಟಿಸಿ. ಸಿ.ಎನ್.ಜಿ. ಗಾಡಿಯಾದರೆ ಸಿಲಿಂಡರಿನ ಮೂರು ವರ್ಷಕ್ಕೊಮ್ಮೆಯ ಪರೀಕ್ಷೆಯ ಪ್ರಮಾಣಪತ್ರ ಕೇಳಿ.

ವಿಮೆ ಗಾಡಿಯ ಜೊತೆ ತಾನಾಗಿಯೇ ಬರುತ್ತದೆ ಎಂದು ಸುಮ್ಮನಿರಬೇಡಿ, ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಬೇಕು. ಹಳಬರ ನೋ ಕ್ಲೇಮ್ ಬೋನಸ್ ನಿಮಗೆ ಬಾರದು, ಅದು ಮನುಷ್ಯನಿಗೆ ಸೇರಿದ್ದು, ಗಾಡಿಗಲ್ಲ. ಆದರೆ ನಿಮ್ಮ ಹಳೆಯ ಕಾರನ್ನು ಮಾರಿದ್ದರೆ ಅದರ ಮೇಲೆ ನೀವು ಗಳಿಸಿದ ಬೋನಸನ್ನು ಹೊಸದಕ್ಕೆ ತರಬಹುದು. ಬೆಲೆ ಮಾತಾಡುವಾಗಲೂ ವಿಮೆಯವರ ಕೋಷ್ಟಕ ಸಹಾಯಕ್ಕೆ ಬರುತ್ತದೆ. ಒಂದರಿಂದ ಎರಡು ವರ್ಷದ ಗಾಡಿಗೆ ಅವರು ಶೇಕಡಾ 20, ಎರಡರಿಂದ ಮೂರು ವರ್ಷಕ್ಕೆ 30, ನಾಲ್ಕರಿಂದ ಐದಕ್ಕೆ 50 ಸವಕಳಿ ಕಳೆಯುತ್ತಾರೆ. ಬೇಡಿಕೆಯ ಗಾಡಿ ಆ ಬೆಲೆಗೆ ಸಿಗುವುದಿಲ್ಲ ನಿಜ, ಆದರೆ ಚೌಕಾಶಿ ಎಲ್ಲಿಂದ ಆರಂಭಿಸಬೇಕೆಂದು ಗೊತ್ತಾಗುತ್ತದೆ. ನಿವೃತ್ತರಾಗಿ ಊರಿಗೆ ಹೋಗಿ ನೆಲೆಸುವ ಯೋಚನೆ ಇರುವವರು ಇನ್ನೊಂದನ್ನು ನೆನಪಿಡಿ: ಮಹಾರಾಷ್ಟ್ರದ ಗಾಡಿ ಕರ್ನಾಟಕದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿ ಮತ್ತೆ ನೋಂದಣಿ ಮಾಡಿಸಿ ತೆರಿಗೆ ಕಟ್ಟಬೇಕಾಗುತ್ತದೆ.

ಕೊನೆಗೆ ಆ ಠಾಣೆಯ ಗಾಡಿಯನ್ನೇ ತೆಗೆದುಕೊಂಡೆವು. ಏರ್‌ಬ್ಯಾಗ್ ಹೊಸದಕ್ಕಿಂತ ಎರಡು ಕಡಿಮೆ ಎಂಬುದು ನನ್ನ ಮನಸ್ಸಿನಲ್ಲಿ ಈಗಲೂ ಚುಚ್ಚುತ್ತದೆ, ಸುಳ್ಳು ಹೇಳಲಾರೆ. ಆದರೆ ನಮ್ಮವರ ನಿವೃತ್ತಿಯ ಹಣದಲ್ಲಿ ಆ ಮೂರು ಲಕ್ಷ ನಲವತ್ತು ಸಾವಿರ ಅತ್ತೆಯ ಔಷಧೋಪಚಾರಕ್ಕೆಂದು ಇಟ್ಟದ್ದು. ಅದನ್ನು ಮುಟ್ಟುವುದು ಬೇಡವೆಂದು ಎಲ್ಲರೂ ಕೂತು ಒಪ್ಪಿದೆವು, ಈ ಸಲ ನನ್ನನ್ನೂ ಸೊಸೆಯನ್ನೂ ಕೇಳಿಯೇ. ದಿನವೂ ದೂರ ಓಡಿಸುವವರು, ಸಾಲದ ಮೇಲೆ ಕೊಳ್ಳುವವರು, ಹತ್ತು ವರ್ಷ ಇಟ್ಟುಕೊಳ್ಳುವವರು ಹೊಸದನ್ನೇ ತೆಗೆದುಕೊಳ್ಳಲಿ. ವಾರಂಟಿಯ ನೆಮ್ಮದಿ ಅವರಿಗೆ ಬೇಕು. ಕೈಯಲ್ಲಿ ಹಣವಿದ್ದು, ಓಡಾಟ ಕಡಿಮೆಯಿದ್ದು, ಗಾಡಿಯ ಪೂರ್ವೋತ್ತರ ಬಲ್ಲವರಿಗೆ ಎರಡು ಮೂರು ವರ್ಷದ ಗಾಡಿ ಒಳ್ಳೆಯದು. ಪೂರ್ವೋತ್ತರ ಗೊತ್ತಿಲ್ಲದ ಅಗ್ಗದ ಗಾಡಿ ಯಾರಿಗೂ ಬೇಡ.

2026ರ ಜನವರಿಯಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆವು. ಪುಣೆ, ಕೊಲ್ಲಾಪುರ, ಬೆಳಗಾವಿ ದಾಟಿ ರಾತ್ರಿ ಹುಬ್ಬಳ್ಳಿಯಲ್ಲಿ ನಾದಿನಿಯ ಮನೆ. ಮರುದಿನ ಯಲ್ಲಾಪುರದ ಘಾಟಿ ಇಳಿದು ಅಂಕೋಲೆ. ಅತ್ತೆ ನಡುವಿನ ಸಾಲಿನ ಎಡಗಡೆ, ಬಾಗಿಲಿಗೆ ಹಾಕಿಸಿದ ಹಿಡಿಯನ್ನು ಹಿಡಿದು ತಾವೇ ಹತ್ತಿ ತಾವೇ ಇಳಿದರು. ನಾನೂ ಸೊಸೆಯೂ ಸರದಿಯಲ್ಲಿ ಹಿಂದೆ ಕೂತೆವು. ಅಂಕೋಲೆಯಲ್ಲಿ ಚಹಾ ಕುಡಿದ ಮೇಲೆ ಸೊಸೆ ಸ್ಟಿಯರಿಂಗ್ ಹಿಡಿದಳು, ಮಗನ ಸರದಿ ಬಂತು. ಭಟ್ಕಳದವರೆಗೆ ಮಾತಿಲ್ಲ. ಆಮೇಲೆ ಹಿಂದಿನಿಂದ ಕೇಳಿದ, "ಅಮ್ಮಾ, ಮುಂದಿನ ಸೀಟನ್ನು ಸ್ವಲ್ಪ ಮುಂದಕ್ಕೆ ಎಳೆಯುತ್ತೀರಾ? ಕಾಲು ಜೋಮು ಹಿಡಿದಿದೆ."

ನಾಗಬನದ ಮುಂದೆ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿದ್ದೆವು. ತಂಬಿಲ ಮುಗಿದು ಹಣೆಗೆ ಅರಿಶಿನ ಪ್ರಸಾದ ಹಚ್ಚಿಕೊಂಡವರು ಉಳಿದದ್ದನ್ನು ಬಾಳೆಲೆಯ ತುಂಡಿನಲ್ಲಿ ಮಡಚಿ, ಗಾಡಿಯ ಮುಂದೆ ಇಡಲು ಮಗನ ಕೈಗೆ ಕೊಟ್ಟರು. "ನಿಮ್ಮಜ್ಜನ ಗಾಡಿಯೂ ಹಳ್ತೇ ಆಗಿತ್" ಎಂದರು.

ನಿಮ್ಮಲ್ಲಿ ಯಾರಾದರೂ ಗಾಡಿ ಕೊಳ್ಳಲು ಹೊರಟಿದ್ದರೆ ನಿಮ್ಮ ಅನುಭವವನ್ನೂ ಬರೆದು ತಿಳಿಸಿ, ನಾಲ್ಕು ಮಂದಿಗೆ ಉಪಕಾರವಾದೀತು. ಹೊಲಿಗೆಯ ಟೇಪು ಚೀಲದಲ್ಲಿರಲಿ.